500ರ ಗುಳಿಗೆ, 625ರ ಗುಳಿಗೆ, ಅರ್ಧ ಉಳಿದ ಸಿರಪ್: ಅಮಾಕ್ಸಿಸಿಲಿನ್ ಬಗ್ಗೆ ಒಂದು ಮನೆಯ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಹೋದ ತಿಂಗಳು ಆರು ವರ್ಷದ ಮಗನಿಗೆ ಗಂಟಲು ನೋವು, ಜ್ವರ ಬಂದಾಗ ಡಾಕ್ಟರು ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದರು. ಮೂರು ದಿನಕ್ಕೆ ಆರಾಮಾದ, ನಿಲ್ಲಿಸಿದೆವು. ಅರ್ಧ ಬಾಟಲಿ ಉಳಿದಿದೆ. ಈಗ ಮತ್ತೆ ನೆಗಡಿ, ಕೆಮ್ಮು, ಜ್ವರ. ಅದನ್ನೇ ಕೊಡಬಹುದೇ? ನಮ್ಮ ಅತ್ತೆ ಹಲ್ಲು ನೋವು ಬಂದಾಗಲೆಲ್ಲ ಮೆಡಿಕಲ್‌ನಿಂದ 500ರ ಎರಡು ಗುಳಿಗೆ ತರಿಸಿ ನುಂಗುತ್ತಾರೆ. ನಮ್ಮ ಮನೆಯವರಿಗೆ ಕಬ್ಬು ಕಡಿಯುವಾಗ ಕಾಲಿಗೆ ಪೆಟ್ಟಾಗಿ ಕೀವು ತುಂಬಿತ್ತು. ಅವರಿಗೆ ಡಾಕ್ಟರು 625 ಬರೆದರು. 500ಕ್ಕಿಂತ ಅದಕ್ಕೆ ಪವರ್ ಜಾಸ್ತಿನಾ? ಹಾಗಿದ್ದರೆ ಅತ್ತೆಗೂ ಅದನ್ನೇ ಕೊಡಬಹುದಲ್ವಾ? ಇನ್ನೊಂದು ಮಾತು. ಎಮ್ಮೆಗೆ ಕೆಚ್ಚಲು ಬಾವು ಬಂದಾಗ ದನದ ಡಾಕ್ಟರು ಕೊಟ್ಟ ಔಷಧದ ಮೇಲೂ ಅಮಾಕ್ಸಿಸಿಲಿನ್ ಅಂತಲೇ ಬರೆದಿತ್ತು. ಎಲ್ಲದಕ್ಕೂ ಒಂದೇ ಔಷಧ ಹೇಗೆ?
— ಓದುಗರೊಬ್ಬರು, ಜಮಖಂಡಿ ತಾಲ್ಲೂಕು

ಉತ್ತರ: ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಉಳಿದ ಸಿರಪ್ ಕೊಡಬೇಡಿ, ಇವತ್ತೇ ಚೆಲ್ಲಿ. 625ರ ಗುಳಿಗೆಯಲ್ಲಿ ಇರುವ ಅಮಾಕ್ಸಿಸಿಲಿನ್ ಕೂಡ 500 ಮಿಲಿಗ್ರಾಮೇ, ಒಂದು ಚೂರೂ ಹೆಚ್ಚಿಲ್ಲ. ಅತ್ತೆಯವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಮ್ಮೆಯ ಔಷಧ ಅದೇ ಜಾತಿಯದು ಹೌದು, ಆದರೆ ಹಾಲಿನ ವಿಷಯದಲ್ಲಿ ಎಚ್ಚರ ಬೇಕು. ಇನ್ನು ಯಾಕೆ ಅಂತ ಒಂದೊಂದಾಗಿ ನೋಡೋಣ.

ಬಾಗಲಕೋಟೆಯ ನಮ್ಮ ಓಪಿಡಿಯಲ್ಲಿ ದಿನಾ ಕೇಳುವ ಮಾತಿದು: "ಸರ, ಇದು ಹತ್ತಲಿಲ್ಲ, ಸ್ವಲ್ಪ ಪವರ್ ಇರೋದು ಬರೀರಿ." ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಆಂಟಿಬಯಾಟಿಕ್ ಅನ್ನು ನಾವು ಡಾಕ್ಟರುಗಳು ಆ ಲೆಕ್ಕದಲ್ಲಿ ಆರಿಸುವುದಿಲ್ಲ, ಆರಿಸಬಾರದು ಕೂಡ. ಕೇಳಬೇಕಾದ್ದು ಎರಡೇ: ಇದು ಯಾವ ರೋಗಾಣು ಇರಬಹುದು, ಅದು ಮೈಯಲ್ಲಿ ಎಲ್ಲಿ ಕೂತಿದೆ? ಸರಿಯಾದ ಜಾಗದಲ್ಲಿ ಹಳೆಯ, ಅಗ್ಗದ ಅಮಾಕ್ಸಿಸಿಲಿನ್ ಎಷ್ಟೋ ದುಬಾರಿ ಔಷಧಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ತಪ್ಪು ಜಾಗದಲ್ಲಿ ಎಷ್ಟು ನುಂಗಿದರೂ ಅಷ್ಟೇ.

ಈ ಔಷಧದ ಮನೆತನ ದೊಡ್ಡದು. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಗುರುತಿಸಿದ ಪೆನಿಸಿಲಿನ್ ಇದರ ಮೂಲ. ಆ ಮೊದಲ ಪೆನಿಸಿಲಿನ್‌ಗೆ ಎರಡು ಕೊರತೆ ಇದ್ದವು. ಹೊಟ್ಟೆಯ ಹುಳಿ ಅದನ್ನು ಹಾಳು ಮಾಡುತ್ತಿತ್ತು, ಹಾಗಾಗಿ ಸೂಜಿಯೇ ಬೇಕಿತ್ತು. ಮತ್ತೆ, ಕೆಲವೇ ಗುಂಪಿನ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಅದು ನಡೆಯುತ್ತಿತ್ತು. ಬ್ರಿಟನ್ನಿನ ಬೀಚಮ್ ಕಂಪನಿಯ ವಿಜ್ಞಾನಿಗಳು ಅದರ ರಚನೆಯನ್ನು ಸ್ವಲ್ಪ ತಿದ್ದಿ 1961ರಲ್ಲಿ ಆಂಪಿಸಿಲಿನ್ ತಂದರು. ಇನ್ನೂ ಸ್ವಲ್ಪ ತಿದ್ದಿದ್ದು ಅಮಾಕ್ಸಿಸಿಲಿನ್, ಬಳಕೆಗೆ ಬಂದದ್ದು 1972ರಲ್ಲಿ. ಬಾಯಿಂದ ತೆಗೆದುಕೊಂಡರೆ ಇದು ಆಂಪಿಸಿಲಿನ್‌ಗಿಂತ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಊಟದ ಮುಂಚೆ ತಗೊಂಡರೂ ಸರಿ, ಆಮೇಲೆ ತಗೊಂಡರೂ ಸರಿ. ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಮುಟ್ಟುವುದರಿಂದ ಇದನ್ನು ವಿಶಾಲ ವ್ಯಾಪ್ತಿಯ ಪೆನಿಸಿಲಿನ್ ಅನ್ನುತ್ತಾರೆ. ಮೋಕ್ಸ್, ನೊವಾಮಾಕ್ಸ್ ಅಂತ ಅಂಗಡಿಯಲ್ಲಿ ಸಿಗುವುದೆಲ್ಲ ಇದೇ. ಜನೌಷಧಿ ಅಂಗಡಿಯಲ್ಲಿ ಬರೀ ಅಮಾಕ್ಸಿಸಿಲಿನ್ ಅನ್ನುವ ಹೆಸರಲ್ಲೇ ಇನ್ನೂ ಕಡಿಮೆ ಬೆಲೆಗೆ ಸಿಗುತ್ತದೆ. ಔಷಧ ಅದೇ, ಹೆಸರು ಬೇರೆ.

ಕೆಲಸ ಮಾಡುವ ರೀತಿ ಸರಳ. ಬ್ಯಾಕ್ಟೀರಿಯಾಕ್ಕೆ ಮೈಸುತ್ತ ಗಟ್ಟಿಯಾದ ಒಂದು ಗೋಡೆ ಇರುತ್ತದೆ. ಅದು ಬೆಳೆಯುವಾಗ, ಎರಡಾಗಿ ಒಡೆಯುವಾಗ ಆ ಗೋಡೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ಅಮಾಕ್ಸಿಸಿಲಿನ್ ಆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತದೆ. ಗೋಡೆ ಸಡಿಲಾಗಿ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ, ಅದಕ್ಕೇ ಇದು ನಮ್ಮ ಮಟ್ಟಿಗೆ ಸಾಕಷ್ಟು ಸುರಕ್ಷಿತ. ಗರ್ಭಿಣಿಯರಿಗೂ ಕೊಡುತ್ತೇವೆ. ವೈರಸ್‌ಗೂ ಗೋಡೆ ಇಲ್ಲ. ನೆಗಡಿ, ಫ್ಲೂ, ಡೆಂಗಿ, ಚಿಕುನ್‌ಗುನ್ಯಾ ಇವೆಲ್ಲ ವೈರಸ್ ಕಾಯಿಲೆಗಳು. ಅವುಗಳಲ್ಲಿ ಈ ಗುಳಿಗೆಗೆ ಮಾಡಲು ಕೆಲಸವೇ ಇಲ್ಲ.

ಈಗ 625ಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ನಮ್ಮ ಕಡೆ ಈ ನಂಬರಿಗೆ ಎಲ್ಲಿಲ್ಲದ ಮರ್ಯಾದೆ. ಬರೀ "ಸಿಕ್ಸ್ ಟ್ವೆಂಟಿಫೈವ್ ಕೊಡ್ರಿ" ಅಂದರೆ ಸಾಕು, ಅಂಗಡಿಯವರಿಗೆ ಗೊತ್ತಾಗುತ್ತದೆ.

ಪೆನಿಸಿಲಿನ್ ಬಂದ ಕೆಲವೇ ವರ್ಷಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮುರಿಯುವ ಒಂದು ಕಿಣ್ವವನ್ನು ಬೆಳೆಸಿಕೊಂಡವು. ಅದರ ಹೆಸರು ಬೀಟಾ ಲ್ಯಾಕ್ಟಮೇಸ್. ಗುಳಿಗೆ ನುಂಗಿದರೂ ಔಷಧ ರೋಗಾಣುವಿನ ಹತ್ತಿರ ಹೋಗುವಷ್ಟರಲ್ಲಿ ಈ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಚರ್ಮದ ಗಾಯದಲ್ಲಿ ಕೀವು ಮಾಡುವ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಲ್ಲಿ ಬಹುಪಾಲಿಗೆ ಈ ಕಿಣ್ವ ಇದೆ. ಅದಕ್ಕೆ ದಾರಿ ಹುಡುಕಿದಾಗ ಸಿಕ್ಕಿದ್ದು ಕ್ಲಾವುಲಾನಿಕ್ ಆಸಿಡ್. ಅದಕ್ಕೆ ಸ್ವಂತವಾಗಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇಲ್ಲವೆಂದೇ ಹೇಳಬೇಕು. ಹೊಲದಲ್ಲಿ ಬೆಳೆ ಉಳಿಸಲು ಗೂಳಿಗೆ ಬೇರೆ ಕಡೆ ಮೇವು ತೋರಿಸಿ ಕಟ್ಟಿಹಾಕುತ್ತೀರಲ್ಲ, ಹಾಗೆ ಅದು ಆ ಕಿಣ್ವವನ್ನು ತನ್ನ ಕಡೆ ಎಳೆದುಕೊಂಡು ಅಲ್ಲೇ ಹಿಡಿದಿಡುತ್ತದೆ. ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲಾನಿಕ್ ಆಸಿಡ್, ಕೂಡಿಸಿದರೆ 625. ಇಷ್ಟೇ ಈ ನಂಬರಿನ ಗುಟ್ಟು. ಆಗ್ಮೆಂಟಿನ್, ಮಾಕ್ಸಿಕೈಂಡ್ ಸಿವಿ, ಕ್ಲಾವಮ್ ಎಲ್ಲ ಇದೇ ಜೋಡಿ.

ನಿಮ್ಮ ಮನೆಯವರ ಕಾಲಿನ ಗಾಯದಲ್ಲಿ ಕೀವು ಇತ್ತು, ಕಬ್ಬಿನ ಹೊಲದ ಮಣ್ಣು ಬೇರೆ ಸೇರಿತ್ತು. ಅಲ್ಲಿ ಸ್ಟೆಫೈಲೊಕಾಕಸ್ ಇರುವ ಸಾಧ್ಯತೆ ಹೆಚ್ಚು. ಬರೀ 500 ಕೊಟ್ಟಿದ್ದರೆ ಬಹುಶಃ ಹತ್ತುತ್ತಿರಲಿಲ್ಲ. ಡಾಕ್ಟರು 625 ಬರೆದದ್ದು ಸರಿಯಾಗಿದೆ. ಕೀವು ತೆಗೆದು ತೊಳೆದಿದ್ದೂ ಔಷಧದಷ್ಟೇ ಮುಖ್ಯ. ಟೆಟನಸ್ ಸೂಜಿ ಹಾಕಿಸಿದ್ದಾರಾ ಅಂತ ಒಮ್ಮೆ ಕೇಳಿಕೊಳ್ಳಿ. ನಾಯಿ ಕಚ್ಚಿದ ಗಾಯಕ್ಕೂ ನಾವು ಇದೇ ಜೋಡಿ ಔಷಧ ಆರಿಸುತ್ತೇವೆ, ಆದರೆ ರೇಬೀಸ್ ಲಸಿಕೆಯ ಬದಲಿಗೆ ಅಲ್ಲ, ಅದರ ಜೊತೆಗೆ.

ಈ ಜೋಡಿಗೆ ಬೆಲೆ ತೆರಬೇಕಾಗುತ್ತದೆ. ಕ್ಲಾವುಲಾನಿಕ್ ಆಸಿಡ್ ಹೊಟ್ಟೆ ಕೆಡಿಸುತ್ತದೆ, ಭೇದಿ ಜಾಸ್ತಿ. ಅದಕ್ಕೇ ಊಟ ಶುರು ಮಾಡುವಾಗಲೇ ನುಂಗಿ ಅನ್ನುತ್ತೇವೆ. ಅಪರೂಪಕ್ಕೆ ಲಿವರ್‌ಗೆ ತೊಂದರೆಯಾಗಿ ಕಾಮಾಲೆ ಬರುತ್ತದೆ. ಔಷಧ ಮುಗಿದ ಕೆಲವು ವಾರಗಳ ಮೇಲೂ ಬರಬಹುದು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಈ ಗುಳಿಗೆ ತಗೊಂಡಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಬರೀ ಅಮಾಕ್ಸಿಸಿಲಿನ್ ಸಾಕಾಗುವ ಕಡೆ 625 ಕೊಟ್ಟರೆ ಲಾಭ ಸೊನ್ನೆ, ತೊಂದರೆ ಮಾತ್ರ ಉಳಿಯುತ್ತದೆ. ಇನ್ನೊಂದು ಚಿಕ್ಕ ಲೆಕ್ಕ: 375ರ ಗುಳಿಗೆಯಲ್ಲಿ 250 ಮತ್ತು 125 ಇರುತ್ತದೆ. ಹಾಗಾಗಿ ಎರಡು 375 ನುಂಗಿದರೆ ಒಂದು 625ಕ್ಕೆ ಸಮ ಅಲ್ಲ, ಕ್ಲಾವುಲಾನಿಕ್ ಆಸಿಡ್ ಎರಡು ಪಟ್ಟು ಆಗುತ್ತದೆ.

ಈಗ ನಿಮ್ಮ ಮಗ. ಎರಡು ಸಲದ ಕಾಯಿಲೆಯನ್ನೂ ಬೇರೆ ಬೇರೆ ನೋಡಬೇಕು.

ಹೋದ ತಿಂಗಳದ್ದು ಗಂಟಲು ನೋವು. ಮಕ್ಕಳಲ್ಲೂ ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದಲೇ. ಆದರೆ ಒಂದು ಪಾಲು ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುತ್ತದೆ, ಅದೂ 5ರಿಂದ 15 ವರ್ಷದ ಮಕ್ಕಳಲ್ಲಿ ಜಾಸ್ತಿ. ಗುರುತು ಹೀಗೆ: ಜ್ವರ ಇರುತ್ತದೆ, ಕೆಮ್ಮು ನೆಗಡಿ ಇರುವುದಿಲ್ಲ, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು. ಈ ರೋಗಾಣು ಮಾತ್ರ ಇಷ್ಟು ವರ್ಷವಾದರೂ ಪೆನಿಸಿಲಿನ್‌ಗೆ ಜಗ್ಗದಂತೆ ಬೆಳೆದಿಲ್ಲ. ಅಮಾಕ್ಸಿಸಿಲಿನ್ ಇದಕ್ಕೆ ಸರಿಯಾದ ಔಷಧ, ಇದಕ್ಕಿಂತ ದೊಡ್ಡದು ಬೇಕಿಲ್ಲ. ಆದರೆ 10 ದಿನ ಕೊಡಬೇಕು. ಮೂರನೇ ದಿನಕ್ಕೆ ನೋವು ಹೋಗಿಬಿಡುತ್ತದೆ, ಆದರೆ 10 ದಿನ ಕೊಡುವುದು ನೋವಿಗಾಗಿ ಅಲ್ಲ. ಈ ಗಂಟಲು ನೋವು ಆಗಿ ಎರಡು ಮೂರು ವಾರದ ಮೇಲೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಒಂದು ಕೀಲು ಬಿಟ್ಟು ಇನ್ನೊಂದು ಕೀಲಿಗೆ ನೋವು ಓಡಾಡುತ್ತದೆ, ಹೃದಯದ ಕವಾಟ ಕೆಡುತ್ತದೆ. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನವರ ಕವಾಟ ಕೆಡಲು ಇದು ಇವತ್ತಿಗೂ ದೊಡ್ಡ ಕಾರಣ. ಆಮೇಲೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಚುಚ್ಚಿಸಿಕೊಳ್ಳುತ್ತಾ ವರ್ಷಗಟ್ಟಲೆ ಓಡಾಡುವ ಮಕ್ಕಳನ್ನು ನಾವು ನೋಡುತ್ತೇವೆ.

ನಿಮ್ಮ ಮಗನದು ಸ್ಟ್ರೆಪ್ಟೊಕಾಕಸ್ ಆಗಿತ್ತೋ ಇಲ್ಲವೋ ಇಲ್ಲಿ ಕೂತು ನಾನು ಹೇಳಲಾರೆ. ಗಾಬರಿ ಬೇಡ. ಅದೇ ಡಾಕ್ಟರ ಹತ್ತಿರ ಹೋಗಿ, ಮೂರೇ ದಿನಕ್ಕೆ ನಿಲ್ಲಿಸಿದೆವು ಅಂತ ನೇರವಾಗಿ ಹೇಳಿ. ಬೈಯಬಹುದು, ಬೈಸಿಕೊಳ್ಳಿ. ಕೀಲು ಬಾವು, ಓಡುವಾಗ ಏದುಸಿರು, ಕೈಕಾಲು ತಾನಾಗಿಯೇ ಆಡುವುದು, ಇವು ಕಂಡರೆ ತಡ ಮಾಡಬೇಡಿ.

ಈಗಿನದು ನೆಗಡಿ, ಕೆಮ್ಮು, ಜ್ವರ. ಇದು ವೈರಸ್ ಇರುವ ಸಾಧ್ಯತೆಯೇ ಹೆಚ್ಚು. ಪ್ಯಾರಾಸಿಟಮಾಲ್, ನೀರು, ಗಂಜಿ, ಎರಡು ಮೂರು ದಿನ ತಾಳ್ಮೆ. ಸಿಂಬಳ ಹಸಿರಾದರೆ ಆಂಟಿಬಯಾಟಿಕ್ ಬೇಕೇ ಬೇಕು ಅಂತ ಬಹಳ ಜನ ನಂಬಿದ್ದಾರೆ. ಸುಮ್ನೆ. ವೈರಸ್ ನೆಗಡಿಯಲ್ಲೂ ಸಿಂಬಳ ಹಸಿರಾಗುತ್ತದೆ.

ಕಾಯಬಾರದ ಹೊತ್ತು ಒಂದಿದೆ, ನ್ಯುಮೋನಿಯಾ. ಅದನ್ನು ಮನೆಯಲ್ಲೇ ಗುರುತಿಸಲು ಒಂದು ಒಳ್ಳೆಯ ದಾರಿ ಇದೆ, ಆಶಾ ಕಾರ್ಯಕರ್ತೆಯರಿಗೂ ಇದನ್ನೇ ಕಲಿಸಿರುತ್ತಾರೆ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಕೂಡಲೇ ದವಾಖಾನೆಗೆ. ಉಸಿರು ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ಮಗು ನೀರು ಕುಡಿಯದಿದ್ದರೆ, ಮಂಕಾಗಿದ್ದರೆ, ಎಣಿಸುತ್ತ ಕೂರಬೇಡಿ. ನಿಮ್ಮ ಮಗನಿಗೆ ಐದು ದಾಟಿದೆ, ಆದರೂ ಮಲಗಿದ್ದಾಗ ಏದುಸಿರು ಬಿಡುತ್ತಿದ್ದರೆ ಅದೇ ಮಾತು ಅವನಿಗೂ.

ಮಕ್ಕಳ ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೊದಲ ಔಷಧವೂ ಅಮಾಕ್ಸಿಸಿಲಿನ್ನೇ. ಇದಕ್ಕಾಗಿ ನೀರಲ್ಲಿ ಕರಗುವ 250 ಮಿಲಿಗ್ರಾಮಿನ ಗುಳಿಗೆ ಇದೆ. ಚಮಚದಲ್ಲಿ ಸ್ವಲ್ಪ ಶುದ್ಧ ನೀರು ಅಥವಾ ತಾಯಿಯ ಹಾಲಿಗೆ ಹಾಕಿದರೆ ಕರಗಿಬಿಡುತ್ತದೆ. ಮಕ್ಕಳ ನ್ಯುಮೋನಿಯಾ ತಡೆಯಲು ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಸಾನ್ಸ್ ಅಭಿಯಾನದಲ್ಲಿ, ದೊಡ್ಡ ದವಾಖಾನೆಗೆ ಕಳಿಸುವ ಮೊದಲು ಆಶಾ ಕಾರ್ಯಕರ್ತೆಯೇ ಇದರ ಮೊದಲ ಡೋಸ್ ಕೊಡಲು ಅವಕಾಶವಿದೆ. ತೋಟದ ಮನೆಯಿಂದ ಪೇಟೆಗೆ ಬರುವಷ್ಟರಲ್ಲಿ ಹೊತ್ತು ಹೋಗುವ ನಮ್ಮ ಕಡೆಯವರಿಗೆ ಇದು ಜೀವ ಉಳಿಸುವ ವ್ಯವಸ್ಥೆ. ಹಾಗಾಗಿ ನಿಮ್ಮ ಊರಿನ ಆಶಾ ಅಕ್ಕನ ಫೋನ್ ನಂಬರ್ ಇಟ್ಟುಕೊಂಡಿರಿ.

ಆ ಅರ್ಧ ಬಾಟಲಿ. ಅದು ಪುಡಿಯಾಗಿ ಬರುತ್ತದೆ, ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಅಲುಗಾಡಿಸುತ್ತೇವೆ. ನೀರು ಬಿದ್ದ ಕ್ಷಣದಿಂದಲೇ ಔಷಧ ನಿಧಾನಕ್ಕೆ ಒಡೆಯಲು ಶುರು. ಸೆಕೆ ಹೆಚ್ಚಿದಷ್ಟೂ ಬೇಗ ಒಡೆಯುತ್ತದೆ. ಬಾಟಲಿಯ ಮೇಲೆ ಸಾಮಾನ್ಯವಾಗಿ 7 ದಿನ ಅಂತ ಇರುತ್ತದೆ. ಬ್ರ್ಯಾಂಡ್ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಆದರೆ ತಿಂಗಳು ದಾಟಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ, 40 ಡಿಗ್ರಿ ದಾಟಿದ ದಿನಗಳಲ್ಲಿ, ಕಿಟಕಿಯ ಮೇಲಿಟ್ಟ ಬಾಟಲಿಯಲ್ಲಿ ಏನು ಉಳಿದಿರುತ್ತದೆ ಹೇಳಿ? ಮುಂದೆ ಹೊಸ ಬಾಟಲಿ ತಂದಾಗ, ಫ್ರಿಜ್ ಇದ್ದರೆ ಅದರ ಬಾಗಿಲಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಪ್ರತಿ ಸಲ ಕೊಡುವ ಮುಂಚೆ ಚೆನ್ನಾಗಿ ಅಲುಗಾಡಿಸಿ. ಅಡುಗೆಮನೆ ಚಮಚ ಬಿಟ್ಟು ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವನ್ನೇ ಬಳಸಿ. ಮತ್ತೆ, ಮಕ್ಕಳ ಡೋಸ್ ತೂಕದ ಲೆಕ್ಕ. ಅಣ್ಣನ ಚೀಟಿ ನೋಡಿ ತಮ್ಮನಿಗೆ ಕೊಡುವುದು ಬೇಡ.

ಅತ್ತೆಯವರ ಹಲ್ಲು ನೋವು. ಹುಳುಕು ಹಲ್ಲಿನ ಒಳಗಿನ ನರ ಕೆಣಕಿ ಬರುವ ನೋವಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. "ಆದರೂ ಕಡಿಮೆ ಆಗುತ್ತೆ ಅಂತಾರೆ" ಅನ್ನುತ್ತೀರಿ. ಜೊತೆಗೆ ಕೊಟ್ಟ ನೋವಿನ ಗುಳಿಗೆಯಿಂದ ಕಡಿಮೆಯಾಗುತ್ತದೆ, ಹೆಸರು ಇದಕ್ಕೆ ಬರುತ್ತದೆ. ವಸಡು ಬಾತು, ಕೀವಾಗಿ, ಜ್ವರ ಬಂದರೆ ಅಮಾಕ್ಸಿಸಿಲಿನ್‌ಗೆ ಜಾಗ ಉಂಟು. ಆಗಲೂ ನಿಜವಾದ ಚಿಕಿತ್ಸೆ ಕೀವು ಹೊರಗೆ ಬಿಡುವುದು, ಬೇರಿನ ಚಿಕಿತ್ಸೆ (ರೂಟ್ ಕೆನಾಲ್) ಮಾಡುವುದು ಇಲ್ಲವೇ ಹಲ್ಲು ಕೀಳುವುದು. ಬಾವು ದವಡೆಯ ಕೆಳಗೆ, ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ಉಗುಳು ನುಂಗಲು ಕಷ್ಟವಾದರೆ ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಿ. ಉಸಿರಿನ ದಾರಿಯೇ ಮುಚ್ಚಬಹುದು.

ಎರಡು ಗುಳಿಗೆಯ ಲೆಕ್ಕವಂತೂ ಎಲ್ಲಕ್ಕಿಂತ ಕೆಟ್ಟದ್ದು. ಅಮಾಕ್ಸಿಸಿಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸುಮಾರು ಒಂದು ತಾಸಿಗೆ ಅರ್ಧ ಕಡಿಮೆಯಾಗುತ್ತದೆ, ಹೆಚ್ಚಿನದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಈ ಔಷಧ ಗೆಲ್ಲುವುದು ಒಂದೇ ಸಲ ಹೆಚ್ಚು ಇರುವುದರಿಂದಲ್ಲ, ಸಾಕಷ್ಟು ಪ್ರಮಾಣದಲ್ಲಿ ಹೆಚ್ಚು ಹೊತ್ತು ಇರುವುದರಿಂದ. ಅದಕ್ಕೇ ಎಂಟು ತಾಸಿಗೊಂದು ಅಂತ ಬರೆಯುವುದು. ಎರಡನ್ನು ಕೂಡಿಸಿ ನುಂಗಿ ಬಿಟ್ಟರೆ ರೋಗಾಣು ಸಾಯುವುದಿಲ್ಲ. ಹೊಟ್ಟೆಯಲ್ಲಿರುವ ಬಡಪಾಯಿ ಬ್ಯಾಕ್ಟೀರಿಯಾಗಳು ಸತ್ತು, ಔಷಧಕ್ಕೆ ಜಗ್ಗದವು ಉಳಿದು ಹೆಚ್ಚುತ್ತವೆ. ಮುಂದೆ ಅವೇ ಉರಿಮೂತ್ರದ ಸೋಂಕಾಗಿ ಬರಬಹುದು. ಒಂದು ಕಾಲಕ್ಕೆ ಟೈಫಾಯಿಡ್‌ಗೂ ಅಮಾಕ್ಸಿಸಿಲಿನ್ ಕೊಡುತ್ತಿದ್ದರು, ಈಗ ಅದನ್ನು ನಂಬಿ ಶುರು ಮಾಡುವಂತಿಲ್ಲ. ಉರಿಮೂತ್ರಕ್ಕೂ ಕಲ್ಚರ್ ವರದಿ, ಅಂದರೆ ಮೂತ್ರದಲ್ಲಿರುವ ರೋಗಾಣು ಯಾವ ಔಷಧಕ್ಕೆ ಜಗ್ಗುತ್ತದೆ ಅಂತ ತೋರಿಸುವ ಪರೀಕ್ಷೆ, ನೋಡದೆ ಕೊಡುವುದಿಲ್ಲ.

ಸ್ಟ್ರಿಪ್ ಮೇಲೆ ಒಂದು ಕೆಂಪು ಗೆರೆ ಇರುತ್ತದೆ, ನೋಡಿದ್ದೀರಾ? ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧ ಅಂತ ಗುರುತು. ಕಾನೂನಿನ ಪ್ರಕಾರ ಇದು ಶೆಡ್ಯೂಲ್ ಎಚ್ ಪಟ್ಟಿಯಲ್ಲಿದೆ. ಕತ್ತರಿಸಿ ಕೊಟ್ಟ ಎರಡು ಗುಳಿಗೆಯಲ್ಲಿ ಆ ಗೆರೆಯೂ, ಎಕ್ಸ್‌ಪೈರಿ ತಾರೀಖೂ ಇರದೇ ಹೋಗಬಹುದು. ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟನ್ನೂ ಒಟ್ಟಿಗೆ ತನ್ನಿ. ಎಷ್ಟು ದಿನ ಅನ್ನುವುದು ಕಾಯಿಲೆಯ ಮೇಲೆ ಹೋಗುತ್ತದೆ: ಗಂಟಲಿನ ಸ್ಟ್ರೆಪ್ಟೊಕಾಕಸ್‌ಗೆ 10 ದಿನ, ಮಕ್ಕಳ ನ್ಯುಮೋನಿಯಾಕ್ಕೆ ಸಾಮಾನ್ಯವಾಗಿ 5, ಹೊಟ್ಟೆಹುಣ್ಣು ಮಾಡುವ ಎಚ್ ಪೈಲೊರಿಗೆ ಬೇರೆ ಔಷಧಗಳ ಜೊತೆ 14. ಎಲ್ಲದಕ್ಕೂ ಒಂದೇ ಕೋರ್ಸ್ ಅಂತ ಇಲ್ಲ.

ಅತ್ತೆಯವರಿಗೆ ಬೇರೆ ಕಾಯಿಲೆ ಇದ್ದರೆ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಬೇಕು. ಕಿಡ್ನಿ ತೊಂದರೆ ಇದ್ದರೆ ಡೋಸ್ ಕಡಿಮೆ ಮಾಡಬೇಕಾಗಬಹುದು. ರಕ್ತ ತೆಳು ಮಾಡುವ ವಾರ್ಫರಿನ್, ಅಸಿಟ್ರಾಮ್ ತಗೊಳ್ಳುವವರಿಗೆ ರಕ್ತಸ್ರಾವ ಹೆಚ್ಚಬಹುದು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಂಥ ಕೆಲವು ಹೃದಯ ರೋಗಿಗಳಿಗೆ ಹಲ್ಲು ಕೀಳುವ ಮುಂಚೆ 2 ಗ್ರಾಂ ಅಮಾಕ್ಸಿಸಿಲಿನ್ ಒಂದೇ ಸಲ ಕೊಡುವ ಪದ್ಧತಿ ಇದೆ. ಅದು ಅವರಿಗೆ ಮಾತ್ರ.

ಅಲರ್ಜಿಯ ಮಾತು ಬಿಡುವಂತಿಲ್ಲ. ಗುಳಿಗೆ ತಗೊಂಡ ಕೆಲವು ನಿಮಿಷಗಳಿಂದ ಒಂದು ತಾಸಿನೊಳಗೆ ಮೈತುಂಬ ಪಿತ್ತಗಂಧೆ ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಅದು ಪ್ರಾಣಕ್ಕೆ ಬರುವ ಅಲರ್ಜಿ. ಹತ್ತಿರದ ಆಸ್ಪತ್ರೆಗೆ ಓಡಬೇಕು. ಮುಂದೆ ಪೆನಿಸಿಲಿನ್ ಹೆಸರಿನ ಯಾವುದನ್ನೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಔಷಧದ ಹೆಸರನ್ನು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಐದಾರು ದಿನದ ಮೇಲೆ ಮಕ್ಕಳ ಮೈಮೇಲೆ ಏಳುವ ಸಣ್ಣ ಕೆಂಪು ಗುಳ್ಳೆ ಬಹಳ ಸಲ ಅಲರ್ಜಿಯೇ ಆಗಿರುವುದಿಲ್ಲ, ವೈರಸ್‌ನಿಂದ ಬಂದದ್ದು. ಡಾಕ್ಟರಿಗೆ ತೋರಿಸದೆ ನಾವೇ ಅಲರ್ಜಿ ಅಂತ ಹೆಸರಿಟ್ಟರೆ ಆ ಮಗು ಜೀವನಪೂರ್ತಿ ಒಳ್ಳೆಯ ಔಷಧವೊಂದನ್ನು ಕಳೆದುಕೊಳ್ಳುತ್ತದೆ. ಪಥ್ಯ ಕೇಳುವವರಿಗೆ: ಮಜ್ಜಿಗೆ, ಮೊಸರು, ರೊಟ್ಟಿ ಏನನ್ನೂ ಬಿಡಬೇಕಿಲ್ಲ.

ಕೊನೆಗೆ ಎಮ್ಮೆ. ಬ್ಯಾಕ್ಟೀರಿಯಾದ ಗೋಡೆ ಮನುಷ್ಯನ ಮೈಯಲ್ಲಿದ್ದರೂ ಅದೇ, ಎಮ್ಮೆಯ ಕೆಚ್ಚಲಲ್ಲಿದ್ದರೂ ಅದೇ. ಹಾಗಾಗಿ ಔಷಧವೂ ಒಂದೇ ಜಾತಿಯದು. ಕೆಚ್ಚಲು ಬಾವಿಗೆ ಕೊಡುವುದರಲ್ಲಿ ಹೆಚ್ಚಾಗಿ ಆ ಕಿಣ್ವಕ್ಕೆ ಜಗ್ಗದ ಇನ್ನೊಂದು ಪೆನಿಸಿಲಿನ್, ಕ್ಲಾಕ್ಸಾಸಿಲಿನ್, ಸೇರಿರುತ್ತದೆ, ಅಲ್ಲೂ ಸ್ಟೆಫೈಲೊಕಾಕಸ್ ಕಾಟ ಇರುವುದರಿಂದ. ಆದರೆ ದನಕ್ಕೆ ತಂದದ್ದನ್ನು ಮನುಷ್ಯರು, ಮನುಷ್ಯರದ್ದನ್ನು ದನಕ್ಕೆ ಬಳಸುವುದು ಬೇಡ. ಅಳತೆ, ತಯಾರಿ ಎಲ್ಲ ಬೇರೆ.

ಹಾಲಿನ ಎಚ್ಚರ ಅಂದೆನಲ್ಲ, ಅದು ಇದು. ಔಷಧ ಕೊಟ್ಟಷ್ಟು ದಿನ, ನಿಲ್ಲಿಸಿದ ಮೇಲೂ ಕೆಲವು ದಿನ, ಅದು ಹಾಲಿನಲ್ಲಿ ಬರುತ್ತದೆ. ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟದೇ ಇರಬಹುದು, ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ ಅಲ್ವಾ. ಪೆನಿಸಿಲಿನ್ ಅಲರ್ಜಿ ಇರುವವರು ಅದನ್ನು ಕುಡಿದರೆ ತೊಂದರೆಯಾಗಬಹುದು. ಎಷ್ಟು ದಿನ ಹಾಲು ಬಳಸಬಾರದು ಅಂತ ಔಷಧದ ಪೊಟ್ಟಣದ ಮೇಲೆ ಬರೆದಿರುತ್ತದೆ, ದನದ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಅಷ್ಟು ದಿನ ಆ ಎಮ್ಮೆಯ ಹಾಲನ್ನು ಬೇರೆ ಪಾತ್ರೆಗೆ ಕರೆದು ಚೆಲ್ಲಿ. ಡೇರಿಯ ಕ್ಯಾನಿಗೆ ಸೇರಿಸಬೇಡಿ. ಸುಮ್ನೆ ಹಾಳಾಗುತ್ತದಲ್ಲ ಅಂತ ಕರುವಿಗೂ ಕುಡಿಸಬೇಡಿ, ಔಷಧಕ್ಕೆ ಜಗ್ಗದ ರೋಗಾಣುಗಳು ಅದರ ಹೊಟ್ಟೆಯಲ್ಲೂ ಬೆಳೆಯುತ್ತವೆ.